ಏಳು ಎಕ್ಕದ ಎಲೆ

ರಥಸಪ್ತಮಿಯ ದಿನ ಮೀಯಲು ಎಕ್ಕದ ಎಲೆ ಏಳೇ ಬೇಕು. ತಲೆಗೆ ಒಂದು, ಹೆಗಲು, ಮಂಡಿ, ಪಾದಕ್ಕೆ ಎರಡೆರಡು. ಹಾಗೆ ಮಿಂದರೆ ಏಳು ಜನ್ಮದ ಪಾಪ ತೊಳೆದುಹೋಗುತ್ತದೆ ಎನ್ನುವುದು ನಮ್ಮ ಅತ್ತೆಯ ನಂಬಿಕೆ. ನನಗೋ ಹೊಸನಗರದ ಆಫೀಸಿಗೆ ಬಸ್ಸು ಹಿಡಿಯುವ ಅವಸರ. ಕಣ್ಣು ಪೂರ್ತಿ ಮಂಜಾಗಿದ್ದ ಅತ್ತೆ ಹಿಂದಿನ ದಿನದಿಂದಲೇ ನೆನಪಿಸುತ್ತಿದ್ದರೂ ನಾನು ಎಲೆಗೆ ಹೋದದ್ದು ಬೆಳಿಗ್ಗೆ. ಅಷ್ಟರಲ್ಲಿ ಸಾಗರದ ನಮ್ಮ ಬೀದಿಯವರೆಲ್ಲ ಖಾಲಿ ಸೈಟಿನ ಗಿಡವನ್ನು ಬೋಳಿಸಿಟ್ಟಿದ್ದರು. ಸಿಕ್ಕಿದ್ದು ನಾಲ್ಕೇ ಎಲೆ. ಕೆರೆ ದಂಡೆಯವರೆಗೆ ನಡೆದಿದ್ದರೆ ಬೇಕಾದಷ್ಟು ಸಿಗುತ್ತಿತ್ತು. ನಡೆಯಲಿಲ್ಲ. ಮೂರು ಎಲೆಗಳನ್ನು ಎರಡೆರಡು ತುಂಡು ಮಾಡಿದೆ, ಲೆಕ್ಕ ಏಳಾಯಿತು. ಕಣ್ಣು ಕಾಣದವರಿಗೆ ಏನು ಗೊತ್ತಾಗುತ್ತದೆ ಎಂದುಕೊಂಡೆ. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

"ಏಳೂ ಇದೆ ಅತ್ತೆ" ಎಂದು, ಬಚ್ಚಲಲ್ಲಿ ಮಣೆ ಮೇಲೆ ಕೂತಿದ್ದ ಅವರ ಕೈಗೆ ಕೊಟ್ಟೆ. ಅವರು ಒಂದೊಂದನ್ನೇ ಎತ್ತಿ ಅಂಚಿನುದ್ದಕ್ಕೂ ಬೆರಳಾಡಿಸಿದರು. ಹರಿದ ಕಡೆ ಎಲೆಯ ಹಾಲು ಇನ್ನೂ ಅಂಟುತ್ತಿತ್ತು. ನಾನು ಬೈಗುಳಕ್ಕೆ ಕಾದೆ. ತಿರುಗಿ ಹೇಳಲು ಮಾತೂ ಸಿದ್ಧವಿತ್ತು. ಅತ್ತೆ ಆರು ತುಂಡುಗಳನ್ನು ಹೆಗಲು, ಮಂಡಿ, ಪಾದದ ಮೇಲೆ ಇಟ್ಟುಕೊಂಡು, ತಲೆಗೆ ಏನೂ ಇಡದೆ, ನೀರು ಹೊಯ್ಯಿ ಎಂದರು. ಮಿಂದಾದ ಮೇಲೆ ಉಳಿದ ಎಲೆಯನ್ನು ನನ್ನತ್ತ ಚಾಚಿದರು.

"ಇದೊಂದು ಹರ್ದಿಲ್ಲ ನೋಡು. ನಿನ್ನ ತಲೆ ಮೇಲೆ ಇಟ್ಕಂಡು ಮೀಯಿ."