ಹೆಂಚು ಹೊದ್ದ ಸೋಗೆ ಮನೆ

ಹೊಸನಗರ ತಾಲೂಕಿನ ಹೈಸ್ಕೂಲೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಪಾಠಕ್ಕೆಂದು ನಮ್ಮ ಶಾಲೆಗೆ ವಿಆರ್ ಕನ್ನಡಕಗಳು ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ. ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಹಂಪಿಯ ಬಜಾರು, ತಲೆ ಎತ್ತಿದರೆ ಗೋಪುರ. ಹಿಂದಿನ ಬೆಂಚಿನ ನಿದ್ದೆಬಡುಕರೂ ಎದ್ದು ಕೂತರು. ನಿಮ್ಮ ಸೀಮೆಯದೇ ಒಂದು ಪಾಠ ಮಾಡಿಕೊಡುತ್ತೇವೆ, ವಿಷಯ ಹೇಳಿ ಎಂದರು ಕಂಪನಿಯವರು. ಹಿಂದೆಮುಂದೆ ನೋಡದೆ ಅಪ್ಪನ ಊರು ಎಂದುಬಿಟ್ಟೆ.

ಆ ಊರು ಮಾಸ್ತಿಕಟ್ಟೆ ಕಡೆಯ ಡ್ಯಾಮಿನ ನೀರಿನಡಿ ಇದೆ. ನಾನು ಹುಟ್ಟುವ ಮೊದಲೇ ಮುಳುಗಿತು. ಫೋಟೋ ಒಂದೂ ಇಲ್ಲ. ಗೇಣಿ ಮಾಡಿಕೊಂಡಿದ್ದ ನಮ್ಮವರಿಗೆ ಫೋಟೋ ಯಾರು ತೆಗೆಯಬೇಕು? ಉಳಿದದ್ದೆಲ್ಲ ಅಪ್ಪನ ಬಾಯಲ್ಲಿ. ಅದರಲ್ಲೂ ಒಂದು ಕತೆ ನನಗೆ ಬಾಯಿಪಾಠ. ಊರು ಬಿಡುವ ದಿನ, ಸಾಮಾನೆಲ್ಲ ಲಾರಿಗೆ ಏರಿದ ಮೇಲೆ, ಅಜ್ಜಿ ಏಣಿ ಇಟ್ಟು ಮನೆಯ ಮಾಡು ಹತ್ತಿದಳಂತೆ. ತಾನೇ ಹೊದೆಸಿದ್ದ ಒಣ ಅಡಿಕೆ ಗರಿಯ ಸೋಗೆಯನ್ನು ಒಂದೊಂದಾಗಿ ಬಿಚ್ಚಿ ಅಂಗಳಕ್ಕೆ ಎಸೆದಳಂತೆ. ಲಾರಿಯವನು ಎಷ್ಟು ಹಾರ್ನ್ ಹೊಡೆದರೂ ಇಳಿಯಲಿಲ್ಲ. “ನಾ ಹೊದೆಸಿದ್ದು, ನಾನೇ ತೆಗೀತೀನಿ. ನೀರಿಗೆ ಬಿಡಲ್ಲ” ಅಂದಳಂತೆ. ಅಜ್ಜಿಯನ್ನು ನಾನು ಕಂಡವಳಲ್ಲ. ಅವಳದೆಂದು ನನ್ನ ಬಳಿ ಇರುವುದು ಈ ಹಟವೊಂದೇ.

ಅಪ್ಪನಿಗೆ ಮರೆವು ಶುರುವಾಗಿತ್ತು. ನನ್ನ ಅವಸರಕ್ಕೆ ಅದೇ ಕಾರಣ. ಅವನು ಹೇಳುತ್ತಾ ಹೋದ, ಒಂಬತ್ತನೇ ತರಗತಿಯ ಮಕ್ಕಳು ನಕ್ಷೆ ಬರೆದರು, ಕಂಪನಿಯ ಹುಡುಗ ಅದನ್ನು ಕಂಪ್ಯೂಟರಿಗೆ ಏರಿಸಿದ. ಹಳ್ಳ, ಗದ್ದೆ, ಭೂತನ ಕಲ್ಲು ಎಲ್ಲ ಸರಿಯಾಗಿಯೇ ಬಂತು. ಮನೆಗೆ ಮಾತ್ರ ಹೆಂಚು. ನಾನು ಫೋನಿನಲ್ಲೇ ಜಗಳಕ್ಕೆ ನಿಂತೆ. “ಸೋಗೆ ಮಾಡೆಲ್ ನಮ್ಮಲ್ಲಿ ಇಲ್ಲ ಮೇಡಂ. ಯಾರಿಗೆ ಗೊತ್ತಾಗುತ್ತೆ, ಬಿಡಿ” ಅಂದ.

ಊರಿನ ಅಜ್ಜನೇ ಮೊದಲು ನೋಡಬೇಕೆಂದು ಮಕ್ಕಳು ಹಟ ಹಿಡಿದರು. ರಿಪ್ಪನ್‌ಪೇಟೆಯ ನಮ್ಮ ಮನೆಯಿಂದ ಅಪ್ಪನನ್ನು ಬಸ್ಸಿನಲ್ಲಿ ಶಾಲೆಗೆ ಕರೆತಂದೆ. ಹೆಂಚು ಕಂಡೊಡನೆ ಬೈಯುತ್ತಾನೆ, ಆ ಬೈಗುಳವನ್ನೇ ಕಂಪನಿಗೆ ಕಳಿಸೋಣ ಎಂದುಕೊಂಡಿದ್ದೆ. ಅವನು ಬೈಯಲಿಲ್ಲ. ಕನ್ನಡಕ ಕಟ್ಟಿಕೊಂಡವನು ಗಾಳಿಯಲ್ಲಿ ಕೈ ಚಾಚಿ ಕಂಬ ಸವರಲು ನೋಡಿದ. ಕೆನ್ನೆ ಮೇಲೆ ನೀರಿಳಿಯಿತು. “ನಮ್ಮನೆ ಕಣೆ” ಅಂದ. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ನಾನು ಹೆಂಚಿನ ಮಾತೆತ್ತಲಿಲ್ಲ.

ಕೆಲವು ವಾರ ಕಳೆದಿತ್ತು. ಪಕ್ಕದ ಮನೆಯವರು ಬಂದು ಕೂತಾಗ ಅಪ್ಪ ಊರಿನ ಸುದ್ದಿ ತೆಗೆದ. ನಮ್ಮದು ದೊಡ್ಡ ಹೆಂಚಿನ ಮನೆ ಅಂದ.

“ಸೋಗೆ ಅಲ್ವಾ ಅಪ್ಪ?” ಅಂದೆ.

“ಎಂತ ಸೋಗೆ ಮಾರಾಯ್ತಿ? ನೀನೇ ತೋರ್ಸಿದ್ಯಲ್ಲ, ಹೆಂಚು.”

“ಮತ್ತೆ ಅಜ್ಜಿ ಮಾಡು ಹತ್ತಿ ಬಿಚ್ಚಿದ್ದು ಎಂತದು?”

ಅಪ್ಪ ತಲೆ ಎತ್ತಿ ಮಾಡು ನೋಡಿದ. “ಹೆಂಚಿನ ಮಾಡು ಹೆಂಗೆ ಹತ್ತೋದು? ಅವ್ವ ಹತ್ತಿರ್ಲಿಕ್ಕಿಲ್ಲ. ಸುಮ್ನೆ ಲಾರಿ ಹತ್ತಿ ಕೂತಿರ್ಬೇಕು.”

ಮರೆವಿಗೆ ಕನ್ನಡಕವನ್ನು ಯಾಕೆ ದೂರುತ್ತೀರಿ, ಇಂದಲ್ಲ ನಾಳೆ ಮರೆಯುವವರೇ ಎಂದು ಸಹೋದ್ಯೋಗಿಗಳು ಸಮಾಧಾನ ಹೇಳುತ್ತಾರೆ. ಮರೆತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಖಾಲಿ ಇದ್ದ ಕಡೆ ಏನಾದರೂ ಹೇಳಿ ತುಂಬಬಹುದಿತ್ತು. ಈಗ ಅಲ್ಲಿ ಹೆಂಚಿನ ಮನೆ ಗಟ್ಟಿಯಾಗಿ ಕೂತಿದೆ, ನನ್ನ ಮಾತಿಗೆ ಜಾಗವಿಲ್ಲ. ಇತ್ತ ಮಕ್ಕಳು ಪರೀಕ್ಷೆಯಲ್ಲಿ ಹೆಂಚಿನ ಮನೆ ಎಂದೇ ಬರೆಯುತ್ತಾರೆ.

ಆದರೂ ಮನಸ್ಸು ತಡೆಯದೆ ಒಂದು ಭಾನುವಾರ ಅಪ್ಪನ ಪಕ್ಕ ಕೂತು ಇಡೀ ಕತೆಯನ್ನು ಅವನದೇ ಮಾತಿನಲ್ಲಿ ಹೇಳಿದೆ. ಏಣಿ, ಸೋಗೆ, ಹಾರ್ನ್, ನೀರಿಗೆ ಬಿಡಲ್ಲ ಎಂದದ್ದು, ಎಲ್ಲವನ್ನೂ. ಅಪ್ಪ ಕಣ್ಣರಳಿಸಿ ಕೇಳಿದ. ಮುಗಿದ ಮೇಲೆ ನಿಟ್ಟುಸಿರು ಬಿಟ್ಟು ನನ್ನ ಮುಖ ನೋಡಿದ.

“ಪಾಪ,” ಅಂದ. “ಯಾರ ಮನೆ ಹೆಂಗ್ಸು ಅದು?”