ಚಾದರದ ನಾಲ್ಕನೆಯ ಮೂಲೆ

ಭೂಮಿಯ ಒಡಲನ್ನು ಮನುಷ್ಯ ಕಂಡಿಲ್ಲ, ಕಾಣುವುದೂ ಇಲ್ಲ. ನಾನು ಅದನ್ನು ಕಂಡದ್ದು ಕೋಲ್ವಾ ಕಡಲದಂಡೆಯಲ್ಲಿ. ಮಣಿಸರ ಮಾರುವ ವಿಜಯಪುರದ ಶಾಂತವ್ವನ ಚಾದರ ಗಾಳಿಗೆ ಹಾರದಂತೆ ಅದು ಒಂದು ಮೂಲೆಯ ಮೇಲೆ ಕೂತಿತ್ತು. ಉಳಿದ ಮೂರಕ್ಕೆ ಎರಡು ಚಪ್ಪಲಿ, ಒಂದು ಬುತ್ತಿ ಡಬ್ಬಿ.

ಕರಿ ಲಾವಾಕಲ್ಲು, ಕಚ್ಛದ ಮಣಿ ವ್ಯಾಪಾರಿ ಅವಳಿಗೆ ಕೊಟ್ಟದ್ದಂತೆ. ಅದರೊಳಗೊಂದು ದೊಡ್ಡ ಹಸಿರು ಗಡ್ಡೆ. ಯಾವ ಬೋರೂ ಮುಟ್ಟದ ಆಳದಿಂದ ಲಾವಾ ಕಿತ್ತು ತಂದ ಬಂಡೆಯ ಚೂರು ಅದು. ಮೂವತ್ತು ವರ್ಷ ಭೂವಿಜ್ಞಾನ ಕಲಿಸಿದ ನಾನು ಅಂಥದ್ದನ್ನು ಚಿತ್ರದಲ್ಲಷ್ಟೇ ತೋರಿಸಿದ್ದೆ.

“ನಾನು ಮಾಸ್ತರನವ್ವಾ, ಈ ಕಲ್ಲು ನನಗೆ ಕೊಡು” ಎಂದೆ.

“ಚಾದರ ಹಾರತೈತ್ರಿ. ಇಷ್ಟ ದೊಡ್ಡದು, ಇಷ್ಟ ವಜ್ಜಿ ಇರೋ ಇನ್ನೊಂದ ಕಲ್ಲ ತರ್ರಿ, ಇದನ್ನ ಒಯ್ರಿ.”

ಕೆಂಪು ಮುರಕಲ್ಲು ತಂದೆ. ಎರಡನ್ನೂ ಎರಡು ಕೈಯಲ್ಲಿ ತೂಗಿ, “ಹಗರ ಐತ್ರಿ” ಎಂದಳು. ಮತ್ತೆರಡು ಹುಡುಕಿ ತಂದೆ. ಅವೂ ಹಗುರವಾದವು.

“ಸಾಲ್ಯಾಗ ಏನ್ ಕಲಸ್ತಿದ್ರಿ, ಮಾಸ್ತರ್ರ?”

“ಕಲ್ಲಿನ ವಿಷಯ.”

“ಖರೇನ? ವಜ್ಜಿ ಯಾವ್ದು, ಹಗರ ಯಾವ್ದು ತಿಳಿವಲ್ದೇನ್ರಿ ನಿಮಗ?”

ಒಳಗಿನ ಭೂಮಿ ಮೇಲಿನದಕ್ಕಿಂತ ಭಾರವೆಂದು ನಾನೇ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ನನ್ನ ಮೂರು ಕಲ್ಲುಗಳು ಈಗ ಚಾದರದ ಮೂರು ಮೂಲೆಗಳ ಮೇಲಿವೆ. ಹಸಿರು ಗಡ್ಡೆಯ ಕಲ್ಲು ನಾಲ್ಕನೆಯದರ ಮೇಲೇ ಇದೆ.