ಬಿದಿರ ಮೆಳೆಯ ಮರುದನಿ

ಉಣಕಲ್ಲಿನ ನಮ್ಮ ಮನೆಯ ಕರೆಗಂಟೆಗೆ ಹಕ್ಕಿಯ ದನಿಯಿದೆ. ಯಾವ ಹಕ್ಕಿಯದೆಂದು ಅದನ್ನು ಮಾರಿದವನಿಗೂ ಗೊತ್ತಿರಲಿಲ್ಲ, ಜೀವಶಾಸ್ತ್ರ ಕಲಿಸುವ ನನಗೂ ಗೊತ್ತಿಲ್ಲ. ಅದು ಉಲಿದರೆ ಹಾಲಿನವನು ಬಂದನೆಂದು ಎದ್ದು ಹೋಗುತ್ತೇನೆ. ದೇಹವಿಲ್ಲದ ದನಿ ಕರೆದರೂ ಎದ್ದು ಬರುವ ಪ್ರಾಣಿಗಳಲ್ಲಿ ನಾನೂ ಒಬ್ಬನೆಂಬುದು ಈ ಮಳೆಗಾಲದವರೆಗೆ ಹೊಳೆದಿರಲಿಲ್ಲ.

ಧಾರವಾಡದ ವಿಶ್ವವಿದ್ಯಾಲಯವೊಂದರಲ್ಲಿ ಪಿಯು ಮಕ್ಕಳನ್ನು ನಿಜವಾದ ಸಂಶೋಧನೆಗೆ ಸೇರಿಸಿಕೊಳ್ಳುತ್ತಾರೆಂದು ತಿಳಿದು, ನನ್ನ ವಿದ್ಯಾರ್ಥಿನಿ ನಾಜಿಯಾಳನ್ನು ಕಳಿಸಿದೆ. ಕಮರಿಪೇಟೆಯಲ್ಲಿ ಮಿಕ್ಸರ್ ರಿಪೇರಿ ಮಾಡುವ ಅವಳ ತಂದೆ, "ನೀವು ಜೋಡಿ ಹೊಂಟ್ರ ಕಳಸ್ತೇನ್ರಿ ಸರ್" ಎಂದಿದ್ದರಿಂದ ನಾನೂ ಮುಂಜಾನೆಯ ಬಸ್ಸು ಹತ್ತತೊಡಗಿದೆ. ಸಂಶೋಧನೆಯಲ್ಲಿ ನನ್ನ ಪಾಲು, ಹಕ್ಕಿಯ ಕೂಗು ಕೇಳಿಸುವ ಸ್ಪೀಕರ್ ಪೆಟ್ಟಿಗೆಗೆ ಕೊಡೆ ಹಿಡಿಯುವುದು.

ವಿಭಾಗದ ಹಿಂದಿನ ಬಿದಿರ ಮೆಳೆಯಲ್ಲಿ ಕೆಂಬೂತದ ಜೋಡಿಯೊಂದು ಗೂಡು ಕಟ್ಟಿತ್ತು. ತಾಮ್ರದ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು, ಬಾವಿಯ ತಳದಿಂದ ಬಂದಂಥ ದನಿಯ ಹಕ್ಕಿ ಅದು. ಸಂಶೋಧಕಿ ಗಿರಿಜಾ ಮೇಡಂ ಗಂಡಿನ ಕಾಲಿಗೆ ಹಳದಿ ಉಂಗುರ ತೊಡಿಸಿ, ಅದರ ಕೂಗನ್ನು ಹಿಡಿದಿಟ್ಟಿದ್ದರು. ಅದನ್ನು ಪೆಟ್ಟಿಗೆಯಿಂದ ಕೇಳಿಸಿದಾಗ ಹೆಣ್ಣು ಎಷ್ಟು ದೂರದಿಂದ ಉತ್ತರಿಸುತ್ತದೆಂದು ನಕ್ಷೆ ಮಾಡುವುದು ನಾಜಿಯಾಳ ಕೆಲಸ. ನಕ್ಷೆ ಮುಗಿದರೆ ಮುಂದಿನ ವರ್ಷವೂ ಅವಳಿಗೆ ಆ ಪ್ರಯೋಗಾಲಯದಲ್ಲಿ ಜಾಗ. "ಮೂರನೇ ಊಪ್ ಆದ ಮ್ಯಾಲ ಬಿಕ್ಕತೈತ್ರಿ ಸರ್, ಕೇಳ್ರಿ" ಎಂದು ಅವಳು ಹೇಳಿಕೊಟ್ಟ ಮೇಲೆ, ಆ ಗಂಡಿನ ಕೂಗಿನ ಸಣ್ಣ ತಡೆ ನನ್ನ ಕಿವಿಗೂ ಬಿತ್ತು.

ಒಂದು ದಿನ ರಸ್ತೆಯ ಬದಿಯಲ್ಲಿ ಸತ್ತ ಕೆಂಬೂತ ಸಿಕ್ಕಿತು. ಕಾಲಲ್ಲಿ ಹಳದಿ ಉಂಗುರ.

ಮರುದಿನವೂ ನಾವು ಎಂದಿನಂತೆ ಕೂಗು ಕೇಳಿಸಿದೆವು. ಹೆಣ್ಣು ಈ ಸಲ ದೂರದಿಂದ ಉತ್ತರಿಸಲಿಲ್ಲ. ಒದ್ದೆ ಎಲೆಗಳ ಮೇಲೆ ನಡೆದುಕೊಂಡೇ ಬಂದು, ಪೆಟ್ಟಿಗೆಯ ಜಾಲರಿಯೆದುರು ನಿಂತು, ಒಳಗೆ ಇಣುಕಿತು. ತಗ್ಗಿದ ದನಿಯಲ್ಲಿ ಏನೋ ಅಂದು, ಕಾಯಿತು. ಅದರ ಬೆನ್ನ ಹಿಂದೆ, ಕಾವಲಿಲ್ಲದ ಗೂಡಿನ ಮೊಟ್ಟೆಗಳತ್ತ ಎರಡು ಕಾಗೆಗಳು ಇಳಿಯುತ್ತಿದ್ದವು. ನಾಜಿಯಾ ಪೆಟ್ಟಿಗೆ ಆರಿಸಿ, ಕಾಗೆಗಳತ್ತ ಓಡಿದಳು.

"ಇಷ್ಟ ಸಮೀಪ ಎಂದೂ ಬಂದಿದ್ದಿಲ್ಲ. ಇನ್ನ ಎರಡ ದಿನ ಅಷ್ಟ, ನಾಜಿಯಾ," ಎಂದರು ಮೇಡಂ. "ನಕ್ಷಾ ಅರ್ಧಾ ಬಿಟ್ರ ನಿನ್ನ ಸೀಟಿಗೆ ನಾ ಏನಂತ ಬರೀಲಿ?"

"ಬರೀಬ್ಯಾಡ್ರಿ ಮೇಡಂ. ಸತ್ತಾವನ ಧ್ವನಿಲೆ ಕರದು, ಗೂಡ ಬಿಡಸಾಕತ್ತೇವ್ರಿ ನಾವು."

ಮೇಡಂ ಪೆಟ್ಟಿಗೆಯನ್ನು ತಾವೇ ಒಯ್ದು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಮರುದಿನ ನಾಜಿಯಾಳ ಪ್ರಯೋಗಾಲಯದ ಗುರುತಿನ ಚೀಟಿ ಹಿಂದಿರುಗಿಸಲು ಹೋದೆವು. ಮೇಡಂ ಸೇರಿ ಮೂವರೂ ಮೆಳೆಯ ಪಕ್ಕ ನಡೆಯುತ್ತಿದ್ದಾಗ ಒಳಗಿನಿಂದ ಕೂಗು ಬಂತು. ಒಂದು, ಎರಡು, ಮೂರು. ಆಮೇಲೆ ಆ ಬಿಕ್ಕು.

ನಾಜಿಯಾ ನನ್ನ ಕೊಡೆಯ ಕೋಲು ಹಿಡಿದುಕೊಂಡಳು. ಮೇಡಂ ಚೀಲದಲ್ಲಿ ಕೈಯಿಟ್ಟು ನೋಡಿದರು. ಕಪಾಟಿನ ಕೀಲಿ ಅಲ್ಲೇ ಇತ್ತು. ಹೆಣ್ಣು ಗೂಡಿನಿಂದಲೇ ಉತ್ತರಿಸಿತು, ಹೊರಗೆ ಬರಲಿಲ್ಲ. ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವ ಕಾಜಾಣವೊಂದು ನಮ್ಮ ಪೆಟ್ಟಿಗೆಯಿಂದಲೇ ಕಲಿತಿರಬಹುದು, ಬೇರೆ ಗಂಡಿಗೂ ಇಂಥದೇ ಬಿಕ್ಕು ಇರಬಹುದು ಎಂದರು ಮೇಡಂ. ಇರಬಹುದು. ಮೆಳೆಯನ್ನು ಸುತ್ತಿ ಸುತ್ತಿ ನೋಡಿದೆವು. ನಾನು ನೋಡಿದ್ದನ್ನಷ್ಟೇ ಹೇಳಬೇಕೆಂದರೆ, ಗೂಡಿನ ಹೆಣ್ಣಲ್ಲದೆ ಅಲ್ಲಿ ಬೇರೆ ಹಕ್ಕಿ ಕಾಣಲಿಲ್ಲ.

"ಈಗ ಇದನ್ನ ಯಾರ ಹುಡುಕವ್ರು?" ಎಂದರು ಮೇಡಂ, ಮೆಲ್ಲಗೆ.

ನಾಜಿಯಾ ಚೀಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಒದ್ದೆ ಕಲ್ಲಿನ ಮೇಲೆ ಕೂತಳು. "ನಾ ಕೂಡ್ತೇನ್ರಿ. ನಾವು ಕರಿಯೋದು ಬ್ಯಾಡ. ಬರೇ ಕೇಳ್ತೇನಿ."

ಇವತ್ತಿಗೂ ಅವಳು ಹೋಗುತ್ತಾಳೆ, ನಾನು ಕೊಡೆ ಹಿಡಿಯುತ್ತೇನೆ, ಆ ಕೂಗು ಯಾರದೆಂಬುದಕ್ಕೆ ಉತ್ತರ ಸಿಕ್ಕಿಲ್ಲ. ಮೊನ್ನೆ ನಮ್ಮ ಕರೆಗಂಟೆ ಉಲಿಯಿತು, ಮತ್ತೆ ಉಲಿಯಿತು. "ಸರ್, ಮನ್ಯಾಗ ಅದೀರೋ ಇಲ್ಲೋ?" ಎಂದು ಹಾಲಿನವನು ಕೂಗಿದ. ಇದ್ದೆ. ಆದರೆ ಈಗ ನಾನು ಮೊದಲು ಕಿಟಕಿಗೆ ಹೋಗುತ್ತೇನೆ. ಆ ದನಿಯನ್ನು ನಂಬಿ ಎದುರಿನ ಬೇವಿನ ಮರಕ್ಕೆ ಯಾರಾದರೂ ಬಂದು ಕಾಯುತ್ತಿದ್ದಾರೆಯೇ ಎಂದು ನೋಡಿ, ಆಮೇಲೆ ಬಾಗಿಲು ತೆರೆಯುತ್ತೇನೆ.